ಗ್ರಾಫೀನ್ ಬ್ಯಾಟರಿಯ ಒಳಗೆ ಏನಿದೆ?

'ಗ್ರಾಫೀನ್ ಬ್ಯಾಟರಿ' ಅಂತ ದಪ್ಪಕ್ಷರದಲ್ಲಿ ಬರೆದ ಪವರ್ ಬ್ಯಾಂಕ್‌ಗಳು ಈಗ ಅಂಗಡಿಗೆ ಬಂದಿವೆ. ಒಳಗಿರುವುದು ಹೆಚ್ಚಾಗಿ ಮಾಮೂಲಿ ಲಿಥಿಯಂ ಅಯಾನ್ ಬ್ಯಾಟರಿಯೇ. ಗ್ರಾಫೀನ್ ಇದ್ದರೂ ಒಗ್ಗರಣೆಯಷ್ಟು. ಹಾಗಂತ ಸುಮ್ನೆ ತಳ್ಳಿಹಾಕುವಂತಿಲ್ಲ. ಒಗ್ಗರಣೆ ಬೀಳದ ಸಾರು ಯಾರಿಗೆ ಬೇಕು?

ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಅಂದರೆ ಇಂಗಾಲದ ಹಾಳೆಗಳ ಪೇರಿ. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಹಾಳೆ. ಅದರಲ್ಲಿ ಒಂದೇ ಒಂದು ಹಾಳೆಗೆ ಗ್ರಾಫೀನ್ ಅಂತ ಹೆಸರು. ದಪ್ಪ ಒಂದೇ ಪರಮಾಣುವಿನಷ್ಟು. ಮ್ಯಾಂಚೆಸ್ಟರ್‌ನ ಆಂದ್ರೆ ಗೀಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅದನ್ನು ಅಂಟುಟೇಪಿನಿಂದ ಎಬ್ಬಿಸಿದರು, 2004ರಲ್ಲಿ ಪ್ರಕಟಿಸಿದರು. 2010ರಲ್ಲಿ ನೊಬೆಲ್ ಬಂತು.

ಟೇಪಿನ ಕಥೆಗಿಂತ ನನಗೆ ಇಷ್ಟ ಅದರ ಮುಂದಿನ ಹಂತ. ಅಷ್ಟು ತೆಳುವಾದದ್ದು ಕಣ್ಣಿಗೆ ಬೀಳೋದು ಹೇಗೆ? ಅವರು ಚೂರುಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೂರಿಸಿದರು. ಬಿಲ್ಲೆಯ ಮೇಲೆ 300 ನ್ಯಾನೋಮೀಟರ್ ಆಕ್ಸೈಡ್ ಪದರ ಇತ್ತು. ಗ್ರಾಫೀನ್ ಕೂತ ಜಾಗದಲ್ಲಿ ಆ ಪದರದ ಬಣ್ಣ ಒಂಚೂರು ಬದಲಾಗುತ್ತದೆ, ಸಾದಾ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಪದರ 315 ನ್ಯಾನೋಮೀಟರ್ ಆಗಿದ್ದರೆ ಏನೂ ಕಾಣುತ್ತಿರಲಿಲ್ಲ!

ಇನ್ನು ಬ್ಯಾಟರಿ. ಮೊಬೈಲ್ ಚಾರ್ಜಿಗಿಟ್ಟಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಹಾಳೆಗಳ ಸಂದಿಯಲ್ಲಿ ನುಗ್ಗಿ ಕೂರುತ್ತವೆ. ಆರು ಇಂಗಾಲಕ್ಕೆ ಒಂದೇ ಲಿಥಿಯಂ. ಹಾಗಾಗಿ ಗ್ರಾಂಗೆ 372 ಮಿಲಿಆಂಪ್ ಅವರ್ ದಾಟುವುದಿಲ್ಲ. ಹಾಳೆಗಳನ್ನೆಲ್ಲ ಬಿಡಿಸಿ ಬರೀ ಗ್ರಾಫೀನ್ ತುಂಬಿದರೆ ಜಾಸ್ತಿ ಹಿಡಿಯಬೇಕು ಅಲ್ವಾ? ತೊಡಕಿರುವುದೇ ಇಲ್ಲಿ. ಒಂದು ಗ್ರಾಂ ಗ್ರಾಫೀನನ್ನು ಹರಡಿದರೆ ಎರಡೂ ಮೈ ಸೇರಿ 2,630 ಚದರ ಮೀಟರ್. ಬ್ಯಾಟರಿಯ ದ್ರವ ಇಂಗಾಲವನ್ನು ಮುಟ್ಟಿದ ಕಡೆಯೆಲ್ಲ ಒಡೆದು ಪೊರೆ ಕಟ್ಟುತ್ತದೆ. ಆ ಪೊರೆ ಲಿಥಿಯಂ ತಿನ್ನುತ್ತದೆ. ಮೈ ಜಾಸ್ತಿಯಾದಷ್ಟೂ ನಷ್ಟ ಜಾಸ್ತಿ, ಅದೂ ಮೊದಲ ಚಾರ್ಜಿನಲ್ಲೇ.

ಗ್ರಾಫೀನ್ ನಿಜಕ್ಕೂ ಕೆಲಸಕ್ಕೆ ಬರುವುದು ಸಿಲಿಕಾನ್ ಜೊತೆ. ಬ್ಯಾಟರಿಯಲ್ಲಿ ಗ್ರಾಫೈಟ್ ಜಾಗಕ್ಕೆ ಸಿಲಿಕಾನ್ ಹಾಕಿದರೆ ಅದು ಗ್ರಾಂಗೆ ಸುಮಾರು 3,600 ಮಿಲಿಆಂಪ್ ಅವರ್ ಹಿಡಿಯಬಲ್ಲದು. ಆದರೆ ಲಿಥಿಯಂ ಹೊಕ್ಕಾಗ ಮೂರು-ನಾಲ್ಕು ಪಟ್ಟು ಊದುತ್ತದೆ, ಹೊರಟಾಗ ಕುಗ್ಗುತ್ತದೆ, ಹೀಗೇ ಆಗಿ ಆಗಿ ಪುಡಿಯಾಗುತ್ತದೆ. ಕಣಗಳಿಗೆ ಗ್ರಾಫೀನ್ ಸುತ್ತಿದರೆ ಹೊದಿಕೆ ಜೊತೆಗೇ ಬಾಗುತ್ತದೆ. ಕಣ ಬಿರಿದರೂ ಕರೆಂಟಿನ ದಾರಿ ಕಡಿಯುವುದಿಲ್ಲ.

ಸೋಲಾರಿನಲ್ಲೂ ಇದು ಸಹಾಯಕನೇ. ಬಿದ್ದ ಬೆಳಕಿನಲ್ಲಿ 2.3% ಮಾತ್ರ ಹೀರುವ ಹಾಳೆ ತಾನೇ ಕರೆಂಟು ತಯಾರಿಸಲಾರದು. ಆದರೆ ಬೆಳಕನ್ನು ಒಳಗೆ ಬಿಟ್ಟು ಕರೆಂಟನ್ನು ಹೊರಗೆ ಒಯ್ಯುವ ಪಾರದರ್ಶಕ ಪದರವಾಗಬಲ್ಲದು. ಈಗ ಬಳಸುವ ಇಂಡಿಯಂ ಟಿನ್ ಆಕ್ಸೈಡ್ ಬಾಗಿಸಿದರೆ ಬಿರುಕು ಬಿಡುತ್ತದೆ. ಗ್ರಾಫೀನಿನ ತಲೆನೋವೇ ಬೇರೆ. ಸುಮಾರು 1,000 ಡಿಗ್ರಿ ಕಾವಿನಲ್ಲಿ ತಾಮ್ರದ ತಗಡಿನ ಮೇಲೆ ಬೆಳೆಸಿದ ಹಾಳೆಯನ್ನು ಸುಕ್ಕಾಗದಂತೆ, ಹರಿಯದಂತೆ ಸೋಲಾರ್ ಕೋಶದ ಮೇಲೆ ಇಳಿಸಬೇಕು.

ಇಷ್ಟರ ಮೇಲೆ ಮಾರುಕಟ್ಟೆಯ ಅವಾಂತರ. 60 ಕಂಪನಿಗಳ 'ಗ್ರಾಫೀನ್' ಪುಡಿಯನ್ನು ಪರೀಕ್ಷಿಸಿದ ವರದಿಯೊಂದು 2018ರಲ್ಲಿ ಬಂತು. ಹೆಚ್ಚಿನವುಗಳಲ್ಲಿ ನಿಜವಾದ ಗ್ರಾಫೀನ್ 10% ಕೂಡ ಇರಲಿಲ್ಲ. ಉಳಿದದ್ದು ಬಹುಪಾಲು ಗ್ರಾಫೈಟ್ ಪುಡಿ. ಅಸಲಿಯೋ ಅಲ್ಲವೋ ನೋಡಲು ಒಂದು ಸುಲಭದ ದಾರಿ ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವೇ. ಲೇಸರ್ ಹಾಯಿಸಿ, ಚದುರಿ ಬಂದ ಬೆಳಕಿನ ಗ್ರಾಫ್ ತೆಗೆಯುತ್ತಾರೆ. ಒಂಟಿ ಹಾಳೆಯಾದರೆ ಎರಡನೇ ಶಿಖರ ಚೂಪಾಗಿ, ಮೊದಲನೆಯದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ. ಗ್ರಾಫೈಟ್ ಆದರೆ ಅದೇ ಶಿಖರ ಗಿಡ್ಡ, ಪಕ್ಕದಲ್ಲೊಂದು ಗೂನು.