ಕಾಡುಗಿಡ ಹಾಕಿದ್ರೆ ಮನೆಗೆ ಹಾವು ಬರಲ್ವಾ? ಇನ್ನೊಂದ್ಸಲ ಹೇಳ್ತೀನಿ

ಪ್ರಶ್ನೆ: ಮನೆ ಹಿಂದೆ ಹತ್ತಡಿ ಜಾಗ ಇದೆ ಮೇಡಂ. ಲಾನ್ ತೆಗೆಸಿ ನಮ್ಮ ಕಡೆ ಗಿಡಗಳನ್ನೇ ಹಾಕೋಣ, ಚಿಟ್ಟೆ ಹಕ್ಕಿ ಬರ್ಲಿ ಅಂತ ಆಸೆ. ಆದ್ರೆ ನಮ್ಮತ್ತೆ ಒಪ್ತಿಲ್ಲ. ಕಾಡುಗಿಡ ಬೆಳೆಸಿದ್ರೆ ಹಾವು ಬರುತ್ತೆ, ಮಲ್ಲಿಗೆ ಬಳ್ಳಿ ಕೇದಿಗೆ ಅಂತೂ ಬೇಡ್ವೇ ಬೇಡ ಅಂತಾರೆ. ನಿಜಾನಾ? ಹಾವು ಬರದ ಹಾಗೆ ಯಾವ ಗಿಡ ಹಾಕ್ಬೇಕು?

ಉತ್ತರ: ಗಿಡದ ವಿಷಯ ಮಾತಾಡೋಕೆ ಯಾರ ಮನೆಗೆ ಹೋದ್ರೂ ಕಾಫಿ ಬರೋಕ್ ಮುಂಚೆ ಈ ಪ್ರಶ್ನೆ ಬರುತ್ತೆ. ಹೋದ ವಾರ ಮೂರು ಜನ ಕೇಳಿದ್ರು, ಮೂವರಿಗೂ ಅದನ್ನೇ ಹೇಳಿದೆ, ಮೂವರೂ ತಲೆ ಆಡಿಸಿ "ಆದ್ರೂ ಮೇಡಂ..." ಅಂದ್ರು. ಆ "ಆದ್ರೂ"ಗೋಸ್ಕರ ಇವತ್ತು ಸ್ವಲ್ಪ ಉದ್ದಕ್ಕೇ ಬರೀತೀನಿ.

ಗಿಡ ಯಾವುದು, ಯಾವ ದೇಶದ್ದು, ಹೂವು ಘಮ್ ಅನ್ನುತ್ತಾ ಇಲ್ವಾ ಅಂತ ಹಾವು ನೋಡಲ್ಲ. ಗಿಡದ ಬುಡದಲ್ಲಿ ಏನಿದೆ ಅಂತ ನೋಡುತ್ತೆ. ಪ್ರಪಂಚದಲ್ಲಿ ಒಂದೇ ಒಂದು ಹಾವೂ ಸೊಪ್ಪು ಹೂವು ಹಣ್ಣು ತಿನ್ನಲ್ಲ, ಅಷ್ಟೂ ಮಾಂಸ ತಿಂದೇ ಬದುಕೋವು. ಇಲಿ, ಕಪ್ಪೆ, ಹಲ್ಲಿ, ಓತಿಕ್ಯಾತ, ಹಕ್ಕಿ ಮೊಟ್ಟೆ, ಕೆಲವಕ್ಕೆ ಬೇರೆ ಹಾವೇ ಊಟ. ಅದು ನಾಲಿಗೆ ಆಡಿಸೋದು ಗಾಳಿಲಿ ನೆಲದಲ್ಲಿ ಇರೋ ವಾಸನೆ ಕಣಗಳನ್ನ ಹಿಡಿದು ಬಾಯಿ ಒಳಗೆ ಅಂಗುಳದಲ್ಲಿರೋ ಒಂದು ಅಂಗಕ್ಕೆ ಮುಟ್ಟಿಸೋಕೆ, ಅಲ್ಲಿ ಅದಕ್ಕೆ ಗೊತ್ತಾಗ್ಬೇಕಿರೋದು ಇಲಿ ಯಾವ ಕಡೆ ಹೋಯ್ತು, ಜೋಡಿ ಹಾವು ಎಲ್ಲಿದೆ, ಅಪಾಯ ಏನಾದ್ರೂ ಇದ್ಯಾ ಅಂತ. ಮಲ್ಲಿಗೆ ಅರಳಿದ್ಯಾ ಅಂತ ತಿಳ್ಕೊಂಡು ಅದಕ್ಕೆ ಆಗ್ಬೇಕಾದ್ದು ಏನೂ ಇಲ್ಲ.

ಹಾಗಾದ್ರೆ ಕೇದಿಗೆ ಪೊದೇಲಿ ನಾಗರಹಾವು ಇರುತ್ತೆ ಅಂತ ಅಜ್ಜಿ ಹೇಳಿದ್ದು ಸುಳ್ಳಾ? ಅಜ್ಜಿ ಕಂಡಿದ್ದು ಸುಳ್ಳಲ್ಲ, ಕಾರಣ ಹೇಳಿದ್ದು ತಪ್ಪು, ಅಷ್ಟೇ. ಕೇದಿಗೆ ಬೆಳೆಯೋದು ಹಳ್ಳದ ದಡದಲ್ಲಿ, ಗದ್ದೆ ಬದೂಲಿ, ನೀರಿನ ಪಸೆ ಇರೋ ಕಡೆ. ಎಲೆ ಅಂಚೆಲ್ಲಾ ಮುಳ್ಳು, ಬುಡದಲ್ಲಿ ಊರುಗೋಲಿನ ಥರ ಬೇರು, ಒಣಗಿದ ಗರಿ ಬಿದ್ದು ಬಿದ್ದು ಒಳಗೆ ಕತ್ತಲೆ, ತಂಪು. ಹದ್ದು ಇಳಿಯಲ್ಲ, ನಾಯಿ ನುಗ್ಗಲ್ಲ, ಮನುಷ್ಯ ಕೈ ಹಾಕಲ್ಲ. ಪಕ್ಕದಲ್ಲೇ ಗದ್ದೆ, ಗದ್ದೆ ತುಂಬ ಕಪ್ಪೆ ಮತ್ತೆ ಇಲಿ. ಇಂಥಾ ಜಾಗದಲ್ಲಿ ಹಾವು ಇರದೆ ಇನ್ನೆಲ್ಲಿರುತ್ತೆ? ಅಲ್ಲಿ ಕೇದಿಗೆ ಬದ್ಲು ಅಷ್ಟೇ ದಟ್ಟವಾಗಿ ಬಿದಿರು ಇದ್ರೂ ಇರುತ್ತೆ, ಲಂಟಾನ ಇದ್ರೂ ಇರುತ್ತೆ. ಲಂಟಾನಕ್ಕೆ ಯಾರೂ ನಾಗಪ್ಪನ ಹೆಸರು ಹೇಳಲ್ಲ ನೋಡಿ, ಅದು ಅಮೆರಿಕಾ ಖಂಡದಿಂದ ಬ್ರಿಟಿಷರ ಕಾಲದಲ್ಲಿ ಚಂದಕ್ಕೆ ಅಂತ ತಂದ ಗಿಡ, ಈಗ ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡನ್ನೆಲ್ಲಾ ಹಬ್ಬಿ ಕೂತಿದೆ.

ಗಂಧದ ಮರಕ್ಕೆ ಹಾವು ಸುತ್ಕೊಂಡಿರುತ್ತೆ ಅನ್ನೋದು ಇನ್ನೂ ಹಳೇ ನಂಬಿಕೆ, ಸುಭಾಷಿತಗಳಲ್ಲೇ ಇದೆ. ಆ ಪರಿಮಳ ಇರೋದು ಮರದ ಚೇಗಲ್ಲಿ, ಅಂದ್ರೆ ಒಳಗಿನ ಗಟ್ಟಿ ತಿರುಳಲ್ಲಿ, ಮತ್ತೆ ಬೇರಲ್ಲಿ. ಚೇಗು ಬಲಿಯೋಕೇ ವರ್ಷಗಟ್ಟಲೆ ಬೇಕು, ನಿಂತಿರೋ ಮರದ ತೊಗಟೆಗೆ ಮೂಗಿಟ್ಟು ನೋಡಿ, ಬರೀ ತೊಗಟೆ ವಾಸನೆ. ಮರ ಕಡಿದು ಚೇಗು ತೆರೆದ ಮೇಲೆ ತಾನೇ ನಮಗೇ ಗಂಧ ಗೊತ್ತಾಗೋದು, ಹಾವಿಗೆ ಹೊರಗಿಂದ ಹೇಗೆ ಗೊತ್ತಾಗ್ಬೇಕು? ಗಂಧದ ಮರಕ್ಕೆ ನಿಜವಾಗಿ ಮುತ್ತಿಕೊಳ್ಳೋದು ಹಕ್ಕಿಗಳು. ಕಪ್ಪಗೆ ಹಣ್ಣಾದಾಗ ಕೋಗಿಲೆ, ಪಿಕಳಾರ ಬಂದು ತಿಂದು ಬೀಜ ಎಲ್ಲೆಲ್ಲೋ ಹಾಕಿ ಹೋಗ್ತವೆ, ನಮ್ಮ ಬೇಲಿ ಸಾಲಲ್ಲಿ ತಾನಾಗೇ ಎದ್ದಿರೋ ಗಂಧದ ಸಸಿಗಳೆಲ್ಲಾ ಅವು ನೆಟ್ಟಿದ್ದು.

ಮಲ್ಲಿಗೆ, ರಾತ್ರಿರಾಣಿ ವಿಷಯದಲ್ಲಿ ಒಂಚೂರು ಸತ್ಯ ಇದೆ, ಅದನ್ನೂ ಮುಚ್ಚಿಡಲ್ಲ. ರಾತ್ರಿ ಅರಳೋ ಹೂವಿಗೆ ಪತಂಗ ಬರುತ್ತೆ, ಪತಂಗ ತಿನ್ನೋಕೆ ಹಲ್ಲಿ, ಕಪ್ಪೆ ಬರುತ್ತೆ, ಅವನ್ನ ಹಿಡಿಯೋಕೆ ಹಾವು ಬಂದ್ರೂ ಬರಬಹುದು. ಆದ್ರೆ ಇದೇ ಕೆಲಸನ ನಿಮ್ಮ ವರಾಂಡದಲ್ಲಿ ರಾತ್ರಿಯೆಲ್ಲಾ ಉರಿಯೋ ಲೈಟು ಹತ್ತು ಪಟ್ಟು ಜೋರಾಗಿ ಮಾಡ್ತಿದೆ. ಲೈಟಿನ ಸುತ್ತ ಹುಳ, ಗೋಡೆ ತುಂಬ ಹಲ್ಲಿ, ಕೆಳಗೆ ಕಪ್ಪೆ. ಲೈಟ್ ಹಾಕಿದ್ರೆ ಹಾವು ಬರುತ್ತೆ ಅಂತ ಮಾತ್ರ ಯಾರ ಅತ್ತೇನೂ ಹೇಳಿದ್ದು ನಾನು ಕೇಳಿಲ್ಲ.

ಹಾವಿಗೆ ಮನೆ ಕಟ್ಟೋಕೆ ಬರಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಅಂತ ಗಾದೇನೇ ಇದೆಯಲ್ಲ, ನಮ್ಮ ನಾಗರಹಾವು ಇರೋದು ಒಂದೋ ಹುತ್ತದಲ್ಲಿ, ಇಲ್ಲಾ ಇಲಿ ಬಿಲದಲ್ಲಿ, ಇಲ್ಲಾ ನಾವೇ ಕಟ್ಟಿಕೊಟ್ಟ ಸಂದೀಲಿ. ನಾವು ಕಟ್ಟಿಕೊಡೋದು ಏನು ಕಡಿಮೆನಾ? ಮನೆ ಕಟ್ಟಿದಾಗ ಮಿಕ್ಕಿದ ಇಟ್ಟಿಗೆ "ಮುಂದೆ ಬೇಕಾಗುತ್ತೆ" ಅಂತ ಕಾಂಪೌಂಡ್ ಮೂಲೇಲಿ ಪೇರಿಸಿ ಆರು ವರ್ಷ ಆಗಿರುತ್ತೆ, ಅದರ ಮೇಲೆ ತೆಂಗಿನ ಗರಿ, ಅದರ ಪಕ್ಕ ಹಳೇ ಸಿಂಟೆಕ್ಸ್ ತೊಟ್ಟಿ, ಹಿಂದೆ ಮುಚ್ಚಳ ಇಲ್ದಿರೋ ಚರಂಡಿ, ಪಕ್ಕದ ಖಾಲಿ ಸೈಟಿಗೆ ಇಡೀ ಬೀದಿಯವರು ಕಸ ಎಸೀತಾರೆ, ಕಸಕ್ಕೆ ಹೆಗ್ಗಣ. ಇಷ್ಟೆಲ್ಲಾ ಇಟ್ಕೊಂಡು ತುಂಬೆ ಗಿಡ ಕಿತ್ತು ಹಾಕಿ ಹಾವು ಬರಲ್ಲ ಅಂತ ನಿಶ್ಚಿಂತೆಯಾಗಿ ಇರ್ತಾರೆ. ನನಗೆ ಬೇಜಾರಾಗೋದು ಅಲ್ಲೇ. ತುಂಬೆ ಮೊಳಕಾಲುದ್ದದ ಗಿಡ, ಜೇನು ಇಡೀ ಬೆಳಗ್ಗೆ ಅದರ ಮೇಲೇ ಇರುತ್ತೆ.

ನಾನು ಮನೆ ಹಿಂದೆ ಈ ಥರ ಗಿಡ ಬೆಳೆಸೋಕೆ ಶುರು ಮಾಡಿ ಹನ್ನೊಂದು ವರ್ಷ, ಮೈಸೂರು ಹೊರವಲಯದಲ್ಲಿ. ಹಾವು ಕಂಡಿಲ್ವಾ ಅಂದ್ರೆ ಕಂಡಿದೆ. ಕೇರೆಹಾವು ಮೂರ್ನಾಲ್ಕು ಸಲ, ನಾಗರಹಾವು ಒಂದ್ಸಲ. ನಾಗರ ಬಂದಿದ್ದು ಗಿಡಗಳ ಕಡೆಗಲ್ಲ, ಪಕ್ಕದವರ ಕೋಳಿಗೂಡಿನ ಕಡೆಗೆ, ನಮ್ಮ ಗೇಟಿನ ಕೆಳಗೆ ದಾಟಿ ಹೋಯ್ತು. ನಿಮ್ಮ ಏರಿಯಾದಲ್ಲಿ ಹಾವು ಇದ್ದೇ ಇರುತ್ತೆ ಅನ್ನೋದಾದ್ರೆ ಅದು ಟೈಲ್ಸ್ ಹಾಕಿದ ಅಂಗಳದಲ್ಲೂ ಹಾದು ಹೋಗುತ್ತೆ. ಕೇರೆಹಾವಿಗೆ ವಿಷ ಇಲ್ಲ, ಇಲಿ ಹಿಡಿಯೋದ್ರಲ್ಲಿ ಅದನ್ನ ಮೀರಿಸೋರಿಲ್ಲ, ಅದನ್ನೂ ನಾಗರ ಅಂದ್ಕೊಂಡು ಹೊಡೆದು ಸಾಯಿಸಿದ ಬೀದೀಲಿ ಆಮೇಲೆ ಹೆಗ್ಗಣದ ಕಾಟ ಅಂತ ಗೋಳಾಡೋದೂ ಕಂಡಿದೀನಿ.

ಭಯ ಪಡ್ಬೇಡಿ ಅಂತ ಹೇಳ್ತಿಲ್ಲ. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯ್ತಾರೆ ಅಂತ 2020ರಲ್ಲಿ ಬಂದ ಅಧ್ಯಯನದ ಅಂದಾಜು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡ್ಲೇಬೇಕು. ಇದು ಸಣ್ಣ ವಿಷಯ ಅಲ್ಲ, ಅದಕ್ಕೇ ಸುಳ್ಳು ಕಾರಣ ಹಿಡ್ಕೊಂಡು ಕೂತ್ಕೋಬಾರ್ದು ಅನ್ನೋದು. ಮಲ್ಲಿಗೆ ಕಿತ್ತು ಹಾಕಿದವರು ಇಟ್ಟಿಗೆ ರಾಶಿ ತೆಗೆಸಲ್ಲ. ಕಟ್ಟುಹಾವು ರಾತ್ರಿ ಮನೆ ಒಳಗೆ ಬಂದು ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತೆ, ಎಷ್ಟೋ ಸಲ ನೋವೂ ಆಗಲ್ಲ, ಅದಕ್ಕೆ ಪರಿಹಾರ ಬಾಗಿಲ ಕೆಳಗಿನ ಸಂದಿ ಮುಚ್ಚೋದು, ಮಂಚದ ಮೇಲೆ ಸೊಳ್ಳೆಪರದೆ ಸಿಕ್ಕಿಸಿ ಮಲಗೋದು. ತೋಟಕ್ಕೂ ಅದೇ ಥರ ಸರಳವಾದ್ದು: ಗೋಡೆಗೆ ಅಂಟಿ ಗಿಡ ಬೇಡ, ಎರಡು ಮೂರು ಅಡಿ ಖಾಲಿ ಬಿಡಿ, ಓಡಾಡೋ ದಾರಿ ಪಕ್ಕ ಗಿಡ್ಡ ಗಿಡ, ದಟ್ಟವಾದ್ದೆಲ್ಲಾ ಕಾಂಪೌಂಡ್ ಕಡೆಗೆ. ಸೌದೆ ಪೇರಿಸೋದಾದ್ರೆ ನೆಲದಿಂದ ಎತ್ತರಕ್ಕೆ. ಚರಂಡಿ ಬಾಯಿಗೆ ಜಾಲರಿ. ತರಗೆಲೆ ಮಣ್ಣಿಗೆ ಒಳ್ಳೇದು, ತೆಳ್ಳಗೆ ಹರಡಿ, ಗುಡ್ಡೆ ಹಾಕ್ಬೇಡಿ, ಅದರೊಳಗೆ ಬರಿಗೈ ಹಾಕ್ಬೇಡಿ. ಮಳೆ ಶುರುವಾದಾಗ ಬಿಲಗಳಿಗೆ ನೀರು ನುಗ್ಗಿ ಹಾವು ಹೊರಗೆ ಬರೋದು ಜಾಸ್ತಿ, ಆಗ ಕತ್ತಲಾದ ಮೇಲೆ ಟಾರ್ಚ್ ಇಲ್ದೆ ಹಿತ್ತಲಿಗೆ ಇಳೀಬೇಡಿ. ಕಚ್ಚಿದ್ರೆ ಕಟ್ಟು ಬಿಗಿಯೋದು, ಕೊಯ್ಯೋದು ಏನೂ ಮಾಡ್ದೆ, ಕೈಕಾಲು ಆಡಿಸ್ದೆ ಸೀದಾ ಆಸ್ಪತ್ರೆಗೆ.

ಈಗ ಪ್ರಶ್ನೆಯ ಎರಡನೇ ಭಾಗ, ಹಾವು ಬರದ ಹಾಗೆ ಯಾವ ಗಿಡ. ಅಂಥಾ ಗಿಡ ಇಲ್ಲ. ಚೆಂಡುಹೂವು, ಬೆಳ್ಳುಳ್ಳಿ, ನರ್ಸರಿಯವರು ಮಾರೋ ಸ್ನೇಕ್ ಪ್ಲಾಂಟು, ಸರ್ಪಗಂಧ, ಯಾವುದೂ ಹಾವನ್ನ ತಡೆಯಲ್ಲ. ಗಂಧಕದ ಪುಡಿ, ನುಸಿಗುಳಿಗೆ ಇಟ್ಟು ಪರೀಕ್ಷೆ ಮಾಡಿ ನೋಡಿದಾಗ ಹಾವುಗಳು ಅದನ್ನ ಆರಾಮಾಗಿ ದಾಟಿ ಹೋಗಿವೆ.

ಈ ಪಟ್ಟಿಲಿ ಎಲ್ಲಕ್ಕಿಂತ ಮೇಲೆ ಇರೋದು ಈಶ್ವರಿ ಬಳ್ಳಿ. ಮನೆ ಮುಂದೆ ಇದ್ರೆ ಹಾವು ಬರಲ್ಲ, ಕಚ್ಚಿದ್ರೆ ಬೇರು ಅರೆದು ಕುಡಿಸಿದ್ರೆ ವಿಷ ಇಳಿಯುತ್ತೆ ಅಂತ ನಮ್ಮ ಕಡೆ ಈಗ್ಲೂ ಹೇಳ್ತಾರೆ. ದಯವಿಟ್ಟು ಇದನ್ನ ಯಾರಿಗೂ ಕುಡಿಸ್ಬೇಡಿ. ಈ ಬಳ್ಳಿಲಿ ಅರಿಸ್ಟೊಲೋಕಿಕ್ ಆಮ್ಲ ಅಂತ ಇದೆ, ಕಿಡ್ನಿ ಹಾಳು ಮಾಡುತ್ತೆ, ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಖಚಿತಪಡಿಸಿದೆ. ಆದ್ರೂ ಈಶ್ವರಿ ಬಳ್ಳಿ ಹಾಕಿ ಅಂತ ನಾನೇ ಎಲ್ಲರಿಗೂ ಹೇಳ್ತೀನಿ, ಯಾಕಂದ್ರೆ ಆ ವಿಷ ಬೇಕಾಗಿರೋರು ಬೇರೆ ಇದಾರೆ.

ಇದನ್ನ ನೀವು ಕೇಳಿಲ್ಲ, ಆದ್ರೂ ಹೇಳದೆ ಇರೋಕಾಗಲ್ಲ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಹಳದಿ ಕಪ್ಪು ಬಣ್ಣ, ರೆಕ್ಕೆ ಬಿಚ್ಚಿದ್ರೆ 19 ಸೆಂಟಿಮೀಟರ್ ತನಕ, ಮಲೆನಾಡಲ್ಲಿ ತಲೆ ಮೇಲೆ ಹಾರಿದ್ರೆ ಗುಬ್ಬಚ್ಚಿ ಹೋಯ್ತೇನೋ ಅನ್ಸುತ್ತೆ. ಅದರ ಹುಳ ತಿನ್ನೋದು ಈ ಈಶ್ವರಿ ಕುಟುಂಬದ ಗಿಡ ಬಳ್ಳಿಗಳನ್ನ ಮಾತ್ರ. ನಮ್ಮ ಬಯಲುಸೀಮೇಲಿ ಬರೋ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಅನ್ನೋ ಕೆಂಪು ಮೈ ಚಿಟ್ಟೆಗಳದ್ದೂ ಅದೇ ಕತೆ. ಹುಳ ಎಲೆ ತಿಂದು ವಿಷನ ಮೈಯಲ್ಲಿ ಇಟ್ಕೊಳುತ್ತೆ, ಚಿಟ್ಟೆ ಆದ ಮೇಲೂ ಅದು ಹೋಗಲ್ಲ, ಒಂದ್ಸಲ ರುಚಿ ನೋಡಿದ ಹಕ್ಕಿ ಮತ್ತೆ ಅದರ ತಂಟೆಗೆ ಬರಲ್ಲ. ಎಷ್ಟರ ಮಟ್ಟಿಗೆ ಅಂದ್ರೆ, ನಿಮ್ಮ ಕರಿಬೇವಿನ ಗಿಡದಲ್ಲಿ ಬೆಳೆಯೋ ಕಾಮನ್ ಮಾರ್ಮನ್ ಚಿಟ್ಟೇಲಿ ಎಷ್ಟೋ ಹೆಣ್ಣುಗಳು ಗಂಡಿನ ಥರ ಇರೋದೇ ಇಲ್ಲ, ಈ ರೋಸ್ ಚಿಟ್ಟೆಗಳ ವೇಷ ಹಾಕ್ಕೊಂಡು ಓಡಾಡ್ತವೆ. ಕರಿಬೇವು ತಿಂದ ಚಿಟ್ಟೆಗೆ ವಿಷ ಎಲ್ಲಿಂದ ಬರ್ಬೇಕು, ಆದ್ರೆ ಹಕ್ಕಿ ನಂಬುತ್ತೆ.

ಅದಕ್ಕೇ ಹೇಳೋದು, ಬರೀ ಬಣ್ಣದ ಹೂವು ಹಾಕಿದ್ರೆ ಚಿಟ್ಟೆ ಜ್ಯೂಸ್ ಕುಡಿದು ಹೋಗುತ್ತೆ, ಉಳಿಯಲ್ಲ. ಮೊಟ್ಟೆ ಇಡೋಕೆ ಎಲೆ ಬೇಕು, ಒಂದೊಂದಕ್ಕೂ ಅದರದ್ದೇ ಎಲೆ. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್, ಕಕ್ಕೆ ಮರಕ್ಕೆ ಎಮಿಗ್ರಂಟ್, ಕರಿಬೇವು, ನಿಂಬೆ, ಬಿಲ್ವಪತ್ರೆಗೆ ಲೈಮ್ ಚಿಟ್ಟೆ, ಹರಳಿನ ಗಿಡಕ್ಕೆ ಕಾಮನ್ ಕ್ಯಾಸ್ಟರ್, ಸೀತಾಫಲಕ್ಕೆ ಟೇಲ್ಡ್ ಜೇ. ಇದನ್ನೆಲ್ಲಾ ಕೇಳಿ ಖುಷಿಯಾಗಿ ಗಿಡ ಹಾಕಿದವರೇ ಎರಡು ತಿಂಗಳಿಗೆ ಫೋನ್ ಮಾಡಿ "ಕರಿಬೇವಿನ ಎಲೆಯೆಲ್ಲಾ ಹುಳ ತಿಂದು ಹಾಕಿದೆ, ಏನ್ ಸ್ಪ್ರೇ ಮಾಡ್ಲಿ" ಅಂತಾರೆ. ಏನೂ ಮಾಡ್ಬೇಡಿ! ಆ ಹುಳಾನೇ ಚಿಟ್ಟೆ. ನೀವು ಕರೆದ್ರಿ, ಬಂದಿದೆ. ಗಿಡ ಸಾಯಲ್ಲ, ಮತ್ತೆ ಚಿಗುರುತ್ತೆ, ಒಗ್ಗರಣೆಗೆ ಬೇಕಿದ್ರೆ ಒಂದು ಗಿಡ ಅಡುಗೆಗೆ ಒಂದು ಚಿಟ್ಟೆಗೆ ಅಂತ ಎರಡು ಹಾಕಿ.

ಆ ಹುಳನ ಒಂದ್ಸಲ ಹತ್ತಿರದಿಂದ ನೋಡಿ. ಸಣ್ಣದಿದ್ದಾಗ ಹಕ್ಕಿ ಹಿಕ್ಕೆ ಥರಾನೇ ಕಾಣುತ್ತೆ, ಯಾರೂ ಮುಟ್ಟಲ್ಲ. ದೊಡ್ಡದಾದ ಮೇಲೆ ಹಸಿರು, ಹೆಗಲ ಹತ್ರ ಎರಡು ಕಣ್ಣಿನಂಥ ಗುರುತು. ಕಡ್ಡಿಲಿ ಮೆಲ್ಲಗೆ ಮುಟ್ಟಿದ್ರೆ ತಲೆ ಹಿಂದಿಂದ ಕೆಂಪಗೆ ಎರಡು ಕವಲಿನ ಕೊಂಬು ಚಾಚುತ್ತೆ, ಜತೆಗೆ ಕಟು ವಾಸನೆ, ಇರುವೆ ಓಡಿಸೋಕೆ. ನಮ್ಮ ಪಕ್ಕದ ಮನೆ ಹುಡುಗಿ, ನಾಲ್ಕನೇ ಕ್ಲಾಸು, ಅದನ್ನ ನೋಡಿ "ಆಂಟೀ, ಹಾವಿನ ಮರಿ ನಾಲಿಗೆ ಚಾಚ್ತಿದೆ" ಅಂತ ಕಿರುಚ್ಕೊಂಡು ಬಂದ್ಲು. ಹುಳ ಮಾಡೋಕೆ ಹೊರಟಿದ್ದೂ ಅದನ್ನೇ ಇರಬೇಕು. ಒಂದು ವಾರ ದಿನಾ ಸ್ಕೂಲಿಂದ ಬಂದು ನೋಡ್ತಿದ್ಲು, ಕೋಶ ಒಡೆದು ಚಿಟ್ಟೆ ಬರೋ ದಿನ ಅವಳ ಅಜ್ಜಿನೂ ಬಂದು ನಿಂತಿದ್ರು. ನಿಮ್ಮ ಅತ್ತೆಗೂ ಮೊದ್ಲು ಕರಿಬೇವಿನ ಗಿಡದಿಂದ್ಲೇ ಶುರು ಮಾಡಿ, ಅದಕ್ಕೆ ಯಾವ ಮನೇಲೂ ಬೇಡ ಅನ್ನಲ್ಲ.

ಆಮೇಲೆ ಈಶ್ವರಿ. ನರ್ಸರಿಲಿ ಕೇಳುವಾಗ ಹುಷಾರು, ಅದೇ ಜಾತಿಯ ಹೊರದೇಶದ ಅಲಂಕಾರದ ಬಳ್ಳಿ, ಅಂಗೈ ಅಗಲ ಕಂದು ಮಚ್ಚೆ ಹೂವು ಬಿಡೋದನ್ನ ಕೊಟ್ಟುಬಿಡ್ತಾರೆ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಆ ಬಳ್ಳಿ ಮೇಲೆ ಮೊಟ್ಟೆ ಇಟ್ಟು ಮರಿಹುಳಗಳೆಲ್ಲಾ ಸತ್ತಿದ್ದು ದೊಡ್ಡ ಸಮಸ್ಯೆನೇ ಆಗಿತ್ತು. ನಮ್ಮ ಈಶ್ವರಿಯ ಹೂವು ಚಿಕ್ಕದು, ಕಂಡ್ರೂ ಕಾಣದ ಹಾಗೆ, ಕಾಯಿ ಒಣಗಿದಾಗ ತಲೆಕೆಳಗಾಗಿ ಬಿಚ್ಚಿ ಪುಟ್ಟ ತೂಗುಬುಟ್ಟಿ ಥರ ಆಗುತ್ತೆ, ಅದು ನೋಡಿ ತಗೊಳ್ಳಿ. ಒಂದು ಬಳ್ಳಿ ಸಾಲಲ್ಲ, ನಾಲ್ಕು ಹುಳ ಸೇರಿದ್ರೆ ಎರಡು ದಿನಕ್ಕೆ ಬೋಳು ಮಾಡ್ತವೆ, ಮೂರಾದ್ರೂ ಹಾಕಿ. ಬೇಲಿ ಮೇಲೆ ಹಬ್ಬಿಸಿ, ಮಕ್ಕಳು ಎಲೆ ಬಾಯಿಗೆ ಹಾಕ್ಕೊಳ್ಳದ ಹಾಗೆ ಎತ್ತರದಲ್ಲಿ. ಬೀಜ ಮೊಳೆಯೋಕೆ ತಡ ಆಗುತ್ತೆ, ಮಳೆಗಾಲದ ಶುರುವಲ್ಲಿ ಹಾಕಿ, ಸತ್ತುಹೋಯ್ತು ಅಂತ ಕುಂಡದ ಮಣ್ಣು ಚೆಲ್ಲಬೇಡಿ.