ಯಾವ ರಿವಾಲ್ವರ್ ಎಂದು ಕೇಳುವ ಮೊದಲು: ಮೊದಲ ಕೈಬಂದೂಕಿನ ಟಿಪ್ಪಣಿ

ಶಸ್ತ್ರ ಸುರಕ್ಷತಾ ತರಬೇತಿಯ ಮೊದಲ ದಿನ ನಮ್ಮ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಕೇಳಿದ್ದು ಒಂದೇ ಪ್ರಶ್ನೆ: “ಮನೆಯ ರಕ್ಷಣೆಗೂ ಆಗಬೇಕು, ಗುರಿ ಅಭ್ಯಾಸಕ್ಕೂ ಆಗಬೇಕು, ಯಾವುದನ್ನು ಕೊಳ್ಳಲಿ ಸಾರ್?” ಒಂಬತ್ತನೆಯವಳು ನಾನು, ಕೇಳಲು ನಾಚಿಕೆಯಾಗಿ ಸುಮ್ಮನೆ ಕೂತಿದ್ದೆ. ಸೇನೆಯಿಂದ ನಿವೃತ್ತರಾಗಿ ಬಂದಿದ್ದ ನಮ್ಮ ತರಬೇತುದಾರರು ಮರುಪ್ರಶ್ನೆ ಹಾಕಿದರು: “ಈಳಿಗೆಮಣೆ ಹೊತ್ತುಕೊಂಡು ಹುಲ್ಲು ಕೊಯ್ಯಲು ಹೋಗುತ್ತೀರಾ?”

ಆ ಮಾತಿನ ಅರ್ಥ ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಈ ವಿಷಯ ಓದುತ್ತಿರುವ ಇತರರಿಗೂ ಬೇಕಾದೀತೆಂದು ಟಿಪ್ಪಣಿಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕಾನೂನು ಮೊದಲು, ಅಂಗಡಿ ಆಮೇಲೆ

ಅಮೆರಿಕದವರು ಮಾಡಿದ ವಿಡಿಯೊಗಳನ್ನು ನೋಡಿ ಅಂಗಡಿಗೆ ಹೋದರೆ ನಿರಾಸೆ ಖಚಿತ. ಅಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಹೇಳುವುದು 9 ಮಿ.ಮೀ. ಪಿಸ್ತೂಲನ್ನು. ನಮ್ಮಲ್ಲಿ ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಸೇನೆಯ 9 ಮಿ.ಮೀ. ತೋಟಾ, ಬ್ರಿಟಿಷರ ಕಾಲದ .380 ಮತ್ತು .455 ತೋಟಾಗಳನ್ನು ತುಂಬಿ ಹಾರಿಸಬಲ್ಲ ಯಾವ ಕೈಬಂದೂಕೂ ಸಾಮಾನ್ಯ ಪರವಾನಗಿಗೆ ಸಿಗುವುದಿಲ್ಲ. ಸರಕಾರಿ ಉಗ್ರಾಣದಿಂದ ಕದ್ದ ತೋಟಾ ಖಾಸಗಿ ಬಂದೂಕಿಗೆ ಹೊಂದಬಾರದು ಎಂಬುದು ಇದರ ಹಿಂದಿನ ತರ್ಕ. ಸಾಮಾನ್ಯರಿಗೆ ವಿದೇಶಿ ಬಂದೂಕಿನ ಆಮದು 1980ರ ದಶಕದಿಂದಲೇ ಮುಚ್ಚಿದೆ. ಹೀಗೆ ಸೋಸಿ ಸೋಸಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವುದು ಬಹುಮಟ್ಟಿಗೆ .32 ಬೋರ್, ಅಪರೂಪಕ್ಕೆ .22. ಆಮದು ಮುಚ್ಚುವ ಮೊದಲೇ ಬಂದ ಹಳೆಯ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುವಾಗ ಕೇಳುವ ಬೆಲೆ ಮಾತ್ರ ನಿವೇಶನದ ಬೆಲೆಯಂತಿರುತ್ತದೆ.

ಇನ್ನು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿರುವ ಭಾಗ: 1959ರ ಶಸ್ತ್ರಾಸ್ತ್ರ ಕಾಯ್ದೆಯ 13(3)ನೇ ಪ್ರಕರಣ. ಇದನ್ನು ಎರಡು ಸಲ ಓದಿ. ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ, ಒಳಗೆ ಸುರುಳಿ ಗೀರುಗಳಿಲ್ಲದ ನುಣುಪು ಬೋರಿನ ಕೋವಿ ಕೇಳಿದರೆ, ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಕೇಳಿದರೆ, ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆಂದು ಬಂದೂಕು ಕೇಳಿದರೆ, ನಿರಾಕರಿಸಲು ಬೇರೆ ಕಾರಣ ಇಲ್ಲದಿದ್ದಲ್ಲಿ ಪರವಾನಗಿ ಕೊಡತಕ್ಕದ್ದು. ಉಳಿದ ಎಲ್ಲಕ್ಕೂ ‘ತಕ್ಕ ಕಾರಣ’ ಇದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಮನೆರಕ್ಷಣೆಗೆಂದು ಕೇಳುವ ರಿವಾಲ್ವರ್ ಈ ‘ಉಳಿದ ಎಲ್ಲ’ದೊಳಗೆ ಬರುತ್ತದೆ.

ಅಂದರೆ ನಾವು ಒಂದೇ ಉಸಿರಿನಲ್ಲಿ ಕೇಳುವ ಎರಡು ಕೆಲಸಗಳಿಗೆ ಕಾಯ್ದೆ ಎರಡು ಬೇರೆ ಬಾಗಿಲು ಇಟ್ಟಿದೆ. ಮನೆ ಕಾಯಲು ಉದ್ದ ನಳಿಗೆಯ ಕೋವಿ, ಗುರಿ ಅಭ್ಯಾಸಕ್ಕೆ ಕ್ಲಬ್ಬು. ಕೈಬಂದೂಕು ಮೂರನೆಯ ಬಾಗಿಲು, ಅದನ್ನು ತಟ್ಟುವವರು ಕಾರಣ ಹೇಳಬೇಕು. “ಊರಲ್ಲಿ ಕಳ್ಳರ ಕಾಟ” ಎಂದಷ್ಟೇ ಬರೆದರೆ ಸಾಲದು. ನಿಮಗೇ ಬಂದ ಬೆದರಿಕೆ, ಕೊಟ್ಟ ದೂರು, ನಗದು ಸಾಗಿಸಬೇಕಾದ ವ್ಯಾಪಾರ, ಇಂಥದಕ್ಕೆ ಕಾಗದ ಬೇಕು.

ಉಳಿದ ನಿಯಮಗಳನ್ನು ಬೇಗ ಮುಗಿಸೋಣ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್ ಪರವಾನಗಿ ಕೊಡುವವರು. ಪೊಲೀಸ್ ವರದಿ ಬರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಹಿಂದೆ ಮೂರಿತ್ತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ ಬರುವುದುಂಟು. ನೀತಿಸಂಹಿತೆ ಕಾಡುಹಂದಿಗೂ ಅನ್ವಯಿಸಿದ್ದರೆ ಚೆನ್ನಾಗಿತ್ತು ಎಂದು ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು ಪ್ರತಿ ಸಲ ಗೊಣಗುತ್ತಾರೆ.

ತರಗತಿಯಲ್ಲಿ ಒಬ್ಬರು ಕೊಡಗಿನವರಿಗೆ ಪರವಾನಗಿಯೇ ಬೇಡವಲ್ಲ ಎಂದು ತಗಾದೆ ತೆಗೆದರು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕಿಗೆ, ಅಂದರೆ ಕೋವಿಗೆ, ಪೂಜೆ ಸಲ್ಲಿಸುವ ಸಮುದಾಯದ ಚರಿತ್ರೆ ಅದರ ಹಿಂದಿದೆ. ಉಳಿದ ಜಿಲ್ಲೆಗಳ ನಮಗೆ ಅದು ನೆರೆಮನೆಯ ಊಟ, ವಾಸನೆ ಮಾತ್ರ ಬರುತ್ತದೆ.

.32 ಎಂಬ ಹೆಸರಿನ ಗೊಂದಲ

.32 ಅಂದರೆ ಇಂಚಿನ ನೂರರಲ್ಲಿ ಮೂವತ್ತೆರಡು ಭಾಗ, ಸುಮಾರು 8 ಮಿ.ಮೀ. 12 ಬೋರ್ ಎಂಬುದು ಬೇರೆಯೇ ಲೆಕ್ಕ. ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗಬೇಕು. ಅದಕ್ಕೇ ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು.

ಪರೀಕ್ಷೆಯಲ್ಲಿ ಹಲವರು ಎಡವಿದ ಜಾಗ ಇದಾದ ಮೇಲಿನದು. .32ರಲ್ಲೇ ಎರಡು ತೋಟಾಗಳಿವೆ. ರಿವಾಲ್ವರಿನದು ಸ್ಮಿತ್ ಆಂಡ್ ವೆಸನ್ ಲಾಂಗ್, ಬುಡದಲ್ಲಿ ಎದ್ದು ಕಾಣುವ ಅಂಚಿರುತ್ತದೆ. ಪಿಸ್ತೂಲಿನದು ಎ.ಸಿ.ಪಿ., 7.65 ಮಿ.ಮೀ. ಎಂದೂ ಕರೆಯುತ್ತಾರೆ, ಗಿಡ್ಡ, ಅಂಚು ಇದ್ದೂ ಇಲ್ಲದಂತೆ. ಹೆಸರಿನಲ್ಲಿ ಅಣ್ಣತಮ್ಮಂದಿರಾದರೂ ಒಂದರ ಮನೆಗೆ ಇನ್ನೊಂದು ಹೋಗುವಂತಿಲ್ಲ.

ಇದರ ಬಲವೆಷ್ಟು? ಎ.ಸಿ.ಪಿ. ಗುಂಡಿನ ತೂಕ ಸುಮಾರು 4.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 275 ಮೀಟರ್. ತೂಕವನ್ನು ಕಿಲೋಗ್ರಾಮಿಗೆ ಬದಲಿಸಿ, ಅದರ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ 174 ಜೂಲ್. ಸ್ಪರ್ಧೆಯ ಏರ್ ಪಿಸ್ತೂಲಿನ ಅರ್ಧ ಗ್ರಾಂ ಪೆಲೆಟ್‌ಗೆ ಇದೇ ಲೆಕ್ಕ ಹಾಕಿದರೆ ಐದಾರು ಜೂಲ್. ಜಗತ್ತಿನ ಲೆಕ್ಕದಲ್ಲಿ .32 ದುರ್ಬಲ ತೋಟಾ ನಿಜ, ಆದರೆ ಫ್ಲ್ಯಾಟಿನ ತೆಳು ಬಾಗಿಲನ್ನು ದಾಟಿ ಆಚೆ ನಿಂತವರನ್ನು ಕೊಲ್ಲಲು ಅಷ್ಟು ಸಾಕು.

ರಿವಾಲ್ವರ್ ಅಥವಾ ಪಿಸ್ತೂಲು

ರಿವಾಲ್ವರಿನಲ್ಲಿ ಎಲ್ಲವೂ ಕಣ್ಣೆದುರಿಗಿದೆ. ಸಿಲಿಂಡರ್ ತೆರೆದರೆ ಆರು ತೂತು, ತುಂಬಿದೆಯೋ ಖಾಲಿಯೋ ಒಂದು ನೋಟಕ್ಕೆ ತಿಳಿಯುತ್ತದೆ. ಕಾನ್ಪುರದ ಸರಕಾರಿ ಕಾರ್ಖಾನೆಯ ಹಳೆಯ ಮಾದರಿ ಬ್ರಿಟಿಷರ ವೆಬ್ಲಿ ರಿವಾಲ್ವರಿನ ವಂಶದ್ದು, ನಡು ಮುರಿದು ತೆರೆಯುತ್ತದೆ. 2014ರಲ್ಲಿ ಬಂದ ‘ನಿರ್ಭೀಕ್’ ಸುಮಾರು 500 ಗ್ರಾಂ ತೂಗುತ್ತದೆ. 2023ರ ‘ಪ್ರಬಲ್’ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ನಳಿಗೆ 76 ಮಿ.ಮೀ., ತೂಕ ಸುಮಾರು 700 ಗ್ರಾಂ. ನಿರ್ಭೀಕ್ ಅನ್ನು ಮಹಿಳೆಯರ ರಿವಾಲ್ವರ್ ಎಂದು ಪ್ರಚಾರ ಮಾಡಿದ್ದು ನನಗೆ ಈಗಲೂ ನಗು ತರಿಸುತ್ತದೆ. ಹಗುರ ಬಂದೂಕು ಚೀಲದಲ್ಲಿ ಹಗುರ, ಕೈಯಲ್ಲಿ ಹೆಚ್ಚು ಒದೆಯುತ್ತದೆ. ಹೊಸಬರಿಗೆ, ಹೆಂಗಸಾಗಲಿ ಗಂಡಸಾಗಲಿ, 700 ಗ್ರಾಮಿನದೇ ಒಳ್ಳೆಯ ಗುರು.

ಪಿಸ್ತೂಲಿನಲ್ಲಿ ತೋಟಾಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿರುತ್ತವೆ. ಒಂದು ಈಡು ಹಾರಿದಾಗ ಅದರ ಒತ್ತಡವೇ ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆ ತಳ್ಳಿ, ಖಾಲಿ ಕೊಳವೆಯನ್ನು ಎಸೆದು, ಮುಂದಿನ ತೋಟಾವನ್ನು ಏರಿಸುತ್ತದೆ. ಅಪಾಯ ಇರುವುದೂ ಇಲ್ಲೇ. ಮ್ಯಾಗಜಿನ್ ತೆಗೆದ ಕೂಡಲೇ ಬಂದೂಕು ಖಾಲಿ ಎಂದು ಹೊಸಬರು ಭಾವಿಸುತ್ತಾರೆ, ನಳಿಗೆಯ ಬುಡದಲ್ಲಿ ಏರಿ ಕೂತ ಒಂದು ತೋಟಾ ಹಾಗೇ ಉಳಿದಿರುತ್ತದೆ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ಈ ಕ್ರಮ ತಿರುಗುಮುರುಗಾದರೆ ನೀವೇ ಹೊಸ ತೋಟಾ ಏರಿಸಿದಂತೆ.

ತೋಟಾ ಕೈಕೊಟ್ಟಾಗಲೂ ವ್ಯತ್ಯಾಸವಿದೆ. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಒತ್ತಿದರೆ ಮುಂದಿನ ತೂತು ಬರುತ್ತದೆ. ಪಿಸ್ತೂಲಿನಲ್ಲಿ ಎರಡು ಕೈ ಬೇಕು, ಅಭ್ಯಾಸ ಬೇಕು. ಗುರಿ ಅಭ್ಯಾಸದ ಜಾಗವಾದ ರೇಂಜಿನಲ್ಲಾದರೆ ಎರಡಕ್ಕೂ ಒಂದೇ ನಿಯಮ: ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿಯುವ ತೋಟಾಗಳಿರುತ್ತವೆ.

ರಿವಾಲ್ವರಿನ ದೋಷ ಟ್ರಿಗರ್. ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದಿಡದೆ ನೇರ ಒತ್ತಿದರೆ ಐದು ಕಿಲೋ ಅಕ್ಕಿಯ ಚೀಲವನ್ನು ಒಂದೇ ಬೆರಳಿನಲ್ಲಿ ಎತ್ತಿದಷ್ಟು ಭಾರ. ಅಷ್ಟರಲ್ಲಿ ನಳಿಗೆ ಅಲುಗದಿದ್ದರೆ ನೀವು ಸಾಧಕರು. ಆದರೂ ಕೈಬಂದೂಕೇ ಬೇಕು ಎನ್ನುವ ಹೊಸಬರಿಗೆ ನನ್ನ ಮತ ರಿವಾಲ್ವರಿಗೆ. ಮನೆಯಲ್ಲಿ ಭಾರದ ಟ್ರಿಗರ್ ಒಂದು ಕಾವಲು, ರೇಂಜಿನಲ್ಲಿ ಅದೇ ಒಂದು ಕಾಟ.

ಒಂದು ಮಿಲಿಮೀಟರಿನ ಲೆಕ್ಕ

ಈಳಿಗೆಮಣೆಯ ಮಾತು ನನಗೆ ಹೊಳೆದದ್ದು ಈ ಲೆಕ್ಕ ಹಾಕಿದಾಗ. ನಳಿಗೆಯ ತುದಿಯಲ್ಲೊಂದು ಮೊನೆ, ಹಿಂದೆ ಒಂದು ಸೀಳು. ಸೀಳಿನ ನಡುವೆ ಮೊನೆ ಕೂರಿಸಿ ಗುರಿ ಹಿಡಿಯುತ್ತೇವೆ. ಇವೆರಡರ ನಡುವಿನ ಅಂತರ ಗಿಡ್ಡ ರಿವಾಲ್ವರಿನಲ್ಲಿ 130 ಮಿ.ಮೀ. ಎಂದಿಟ್ಟುಕೊಳ್ಳಿ. ಮೊನೆ ಒಂದು ಮಿ.ಮೀ. ಆಚೀಚೆಯಾದರೆ 10 ಮೀಟರ್ ದೂರದಲ್ಲಿ ಗುಂಡು ಎಷ್ಟು ತಪ್ಪುತ್ತದೆ? 10,000ವನ್ನು 130ರಿಂದ ಭಾಗಿಸಿ: 77 ಮಿ.ಮೀ. ಏರ್ ಪಿಸ್ತೂಲಿನಲ್ಲಿ ಆ ಅಂತರ 320 ಎಂದಿಟ್ಟರೆ ತಪ್ಪು 31 ಮಿ.ಮೀ. ಮಾತ್ರ.

ಈಗ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಗುರಿಯ ಹಾಳೆ ನೋಡಿ. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ., ಅಂಗಿಯ ಗುಂಡಿಯಷ್ಟು. ಟ್ರಿಗರ್ ಭಾರ 500 ಗ್ರಾಂ ಇದ್ದರೆ ಸಾಕು. 75 ನಿಮಿಷದಲ್ಲಿ 60 ಈಡು, ಒಂದೇ ಕೈಯಲ್ಲಿ. ಬೆಂಗಳೂರಿನ ಪಿ.ಎನ್. ಪ್ರಕಾಶ್ 2013ರ ವಿಶ್ವಕಪ್‌ನಲ್ಲಿ ಕಂಚು ತಂದದ್ದು, ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಿಂದ ಎರಡು ಕಂಚು ತಂದದ್ದು ಈ ಹಾಳೆಯ ಮೇಲೆಯೇ. ಗಿಡ್ಡ ರಿವಾಲ್ವರ್ ಹಿಡಿದು ಇಲ್ಲಿ ನಿಂತರೆ ಅಂಕವೂ ಇಲ್ಲ, ಕಲಿಕೆಯೂ ಇಲ್ಲ. ತಪ್ಪು ಕೈಯದೋ ಬಂದೂಕಿನದೋ ತಿಳಿಯುವುದೇ ಇಲ್ಲ.

ಅದೇ ರಿವಾಲ್ವರನ್ನು ನಡುಮನೆಗೆ ತನ್ನಿ. ದೂರ ಐದು ಮೀಟರಿಗೂ ಕಡಿಮೆ, ತಪ್ಪು 38 ಮಿ.ಮೀ.ಗೆ ಇಳಿಯಿತು. ಅಲ್ಲಿ ಅದು ಲೆಕ್ಕಕ್ಕೇ ಇಲ್ಲ. ಇನ್ನೊಂದು ಮಾತೂ ಇದೆ. .32 ತೋಟಾ ದುಬಾರಿ, ವರ್ಷಕ್ಕೆ ಎಷ್ಟು ಎಂಬ ಮಿತಿ ಪರವಾನಗಿಯಲ್ಲೇ ಬರೆದಿರುತ್ತದೆ, ಹಾರಿಸಲು ರೇಂಜಿಗೇ ಹೋಗಬೇಕು, ಮನೆಯ ಹಿತ್ತಲು ರೇಂಜ್ ಅಲ್ಲ. 4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಪರವಾನಗಿಯೇ ಬೇಡ. ದಿನಕ್ಕೆ ನೂರು ಪೆಲೆಟ್ ಹಾರಿಸಿದರೂ ಕೇಳುವವರಿಲ್ಲ.

ಮನೆಯೊಳಗಿನ ವಿಚಾರ

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ಖಾಸಗಿ ರಕ್ಷಣೆಯ ಹಕ್ಕಿನವು. ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಮನೆಗೆ ಕನ್ನ ಹಾಕಿದಲ್ಲಿ ಈ ಹಕ್ಕು ಪ್ರಾಣಹಾನಿಯವರೆಗೂ ಹೋಗಬಲ್ಲದು ಎನ್ನುತ್ತದೆ 41ನೇ ಪ್ರಕರಣ. ಅದನ್ನು ಓದಿ ಹುರುಪಿಗೆ ಬಂದವರು 37ನ್ನೂ ಓದಬೇಕು. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಬೆನ್ನು ತಿರುಗಿಸಿ ಓಡುವ ಕಳ್ಳನಿಗೆ ಗುಂಡು ಹೊಡೆದವರು ನ್ಯಾಯಾಲಯದಲ್ಲಿ ಬಹಳ ವರ್ಷ ಕೂರಬೇಕಾದೀತು. ಕತ್ತಲಲ್ಲಿ ನಡೆದು ಬರುತ್ತಿರುವುದು ನೀರು ಕುಡಿಯಲೆದ್ದ ಮಾವನವರೂ ಇರಬಹುದು. ಅದಕ್ಕೇ ನನ್ನ ಪಟ್ಟಿಯಲ್ಲಿ ಬಂದೂಕಿಗಿಂತ ಮೊದಲು ಒಳ್ಳೆಯ ಟಾರ್ಚು, ಗಟ್ಟಿ ಚಿಲಕ, ನಾಯಿ.

ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಒಡವೆ ಇಡುವ ಬೀರುವಿನಲ್ಲಿ ಬೇಡ, ಕಳ್ಳ ಮೊದಲು ಒಡೆಯುವುದು ಅದನ್ನೇ. ಮನೆಯಲ್ಲಿ ಕುಡಿತವಿದ್ದರೆ, ಖಿನ್ನತೆಯಲ್ಲಿರುವವರಿದ್ದರೆ ಅರ್ಜಿಯನ್ನೇ ಹಾಕಬೇಡಿ. ಆಯುಧಪೂಜೆಯಂದು ಖಾಲಿ ಎಂದು ಇಬ್ಬರು ನೋಡಿದ ಮೇಲೆ ಪೂಜೆಗಿಡಿ. ಕುಂಕುಮ ಹಿಡಿಕೆಗೆ ಸಾಕು. ನಮ್ಮ ಅಜ್ಜನ ಕೋವಿಯ ನಳಿಗೆಯೊಳಗೆ ಹಳೆಯ ಅರಿಸಿನ ಗಂಟುಕಟ್ಟಿದ್ದನ್ನು ನಾನೇ ಕೆರೆದು ತೆಗೆದಿದ್ದೇನೆ.

ನಾನು ಮಾಡಿದ್ದು ಇಷ್ಟು. ಊರ ಮನೆಯ ಆ ಅಜ್ಜನ ಒಂಟಿ ನಳಿಗೆಯ 12 ಬೋರ್ ಕೋವಿಯನ್ನು ವಾರಸುದಾರಳಾಗಿ ನನ್ನ ಹೆಸರಿಗೆ ಕೇಳಿ ಅರ್ಜಿ ಹಾಕಿದೆ, ಅದಿನ್ನೂ ಕಡತದಲ್ಲಿದೆ. ರಿವಾಲ್ವರಿನ ಆಸೆ ಬಿಟ್ಟು ಒಂದು ಏರ್ ಪಿಸ್ತೂಲ್ ಕೊಂಡೆ. ಗುಂಡಿಲ್ಲದೆ ಬರೀ ಟ್ರಿಗರ್ ಅಭ್ಯಾಸ ಮಾಡುವ ಏರ್ಪಾಡು ಅದರಲ್ಲೇ ಇದೆ. ರಾತ್ರಿ ಊಟವಾದ ಮೇಲೆ ಖಾಲಿ ಎಂದು ಎರಡು ಸಲ ನೋಡಿ, ಗೋಡೆಯ ಕಡೆ ಚಾಚಿ ಹಿಡಿಯುತ್ತೇನೆ. ನಳಿಗೆಯ ಮೇಲೆ ಮೊನೆಯ ಹಿಂದೆ ಮಗಳು ಒಂದು ರೂಪಾಯಿ ನಾಣ್ಯ ಇಡುತ್ತಾಳೆ. ಹತ್ತು ಸಲ ಟ್ರಿಗರ್ ಒತ್ತಿದರೂ ನಾಣ್ಯ ಬೀಳಬಾರದು ಎಂಬುದು ತರಬೇತುದಾರರು ಕೊಟ್ಟ ಮನೆಗೆಲಸ. ನನ್ನದು ಏಳನೆಯದಕ್ಕೆ ಬೀಳುತ್ತಿದೆ.