ಬಿಳಿ ನೊಣದ ಹೊಟ್ಟೆಯೊಳಗಿನ ಟೋಲ್ ನಾಕಾ

2020ರ ಮೇ ತಿಂಗಳು, ಲಾಕ್‌ಡೌನ್. ಪುಣೆಯ ನಮ್ಮ ಸೊಸೈಟಿ ಗೇಟಿನ ಹತ್ತಿರ ತರಕಾರಿ ಟೆಂಪೊ ನಿಂತಿತ್ತು. ಪಕ್ಕದ ಮನೆಯ ಧಾರವಾಡದ ಕಾಕೂ ಎಲ್ಲ ತಗೊಂಡರು, ಟೊಮೆಟೊ ಮಾತ್ರ ಮುಟ್ಟಲಿಲ್ಲ. "ಟೊಮೆಟೊಕ್ಕೂ ವೈರಸ್ ಬಂದೈತಂತಲ್ಲೋ ತಮ್ಮಾ, ಕೊರೊನಾಕಿಂತಾ ಕೆಟ್ಟ ಐತಂತ" ಅಂದರು.

ರೋಗ ಬಂದಿದ್ದು ನಿಜ. ಮಹಾರಾಷ್ಟ್ರದ ಹೊಲಗಳಲ್ಲಿ ಹಣ್ಣು ಪೂರ್ತಿ ಕೆಂಪಾಗದೆ ಹಳದಿ ಪಟ್ಟೆ ಬಿದ್ದಿತ್ತು. ರೈತರು ಅದಕ್ಕೆ 'ತಿರಂಗಾ ವೈರಸ್' ಅಂತ ಹೆಸರಿಟ್ಟಿದ್ದರು. ಬೆಂಗಳೂರು ಹತ್ತಿರದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಮುಖ್ಯವಾಗಿ ಕುಕುಂಬರ್ ಮೊಸಾಯಿಕ್ ವೈರಸ್. ನೂರು ವರ್ಷದಿಂದ ವಿಜ್ಞಾನಿಗಳಿಗೆ ಗೊತ್ತಿರುವ, ಸಾವಿರಕ್ಕೂ ಜಾಸ್ತಿ ಜಾತಿಯ ಗಿಡಗಳಲ್ಲಿ ಬದುಕುವ ಹಳೇ ವೈರಸ್ಸು. ಅದು ಮನುಷ್ಯರಿಗೆ ಅಂಟುತ್ತದೆ ಅನ್ನೋದು ಮಾತ್ರ ಶುದ್ಧ ಸುಳ್ಳು. ಆ ಸುಳ್ಳಿನಿಂದ ಹಣ್ಣು ಕೊಳ್ಳೋರಿಲ್ಲದೆ ಕೂತ ರೈತರನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಗಿಡದ ವೈರಸ್ಸಿನ ಹತ್ತಿರ ನಮ್ಮ ಜೀವಕೋಶದ ಬೀಗಕ್ಕೆ ಹೊಂದುವ ಕೀಲಿ ಇಲ್ಲ. ಮೆಣಸಿನಕಾಯಿ ಗಿಡಕ್ಕೆ ಬರುವ ಒಂದು ವೈರಸ್ ಇದೆ, ಪೆಪ್ಪರ್ ಮೈಲ್ಡ್ ಮಾಟಲ್ ಅಂತ. ಅದು ಆರೋಗ್ಯವಂತರ ಮಲದಲ್ಲೇ ರಾಶಿ ರಾಶಿ ಸಿಗುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ನೀರಿಗೆ ಕೊಳಚೆ ಸೇರಿದೆಯಾ ಅಂತ ಕಂಡುಹಿಡಿಯಲು ಅದನ್ನೇ ಗುರುತಾಗಿ ಬಳಸುತ್ತಾರೆ. ಸಾರು, ಚಟ್ನಿ, ಸಾಸ್ ಜೊತೆ ಹೊಟ್ಟೆಗೆ ಹೋಗಿ ಸುಮ್ನೆ ಹೊರಗೆ ಬರುತ್ತದೆ, ಅಷ್ಟೇ.

ಹಾಗಾದರೆ ಗಿಡದಿಂದ ಗಿಡಕ್ಕೆ ಹೋಗೋದು ಹೇಗೆ? ಕುಕುಂಬರ್ ಮೊಸಾಯಿಕ್ ಹೋಗೋದು ಸಸ್ಯಹೇನಿನ ಮೂತಿಗೆ ಅಂಟಿಕೊಂಡು. ಇಲ್ಲಿನ ರೈತರು ಈ ಹೇನಿಗೆ 'ಮಾವಾ' ಅನ್ನುತ್ತಾರೆ. ಬೆರಳಿಗೆ ಹತ್ತಿದ ಕುಂಕುಮ ಮುಟ್ಟಿದ ಕಡೆಯೆಲ್ಲ ಅಂಟುತ್ತಲ್ವಾ, ಹಾಗೆ. ಕೆಲವೇ ಸೆಕೆಂಡು ಚುಚ್ಚಿದರೆ ಸಾಕು, ರೋಗ ದಾಟಿಬಿಡುತ್ತದೆ. ಅದಕ್ಕೇ ಔಷಧಿ ಹೊಡೆದರೂ ಈ ರೋಗ ಸುಲಭಕ್ಕೆ ನಿಲ್ಲಲ್ಲ. ಹೇನು ಸಾಯೋದಕ್ಕೆ ಮೊದಲೇ ಕೆಲಸ ಮುಗಿದಿರುತ್ತದೆ.

ಟೊಮೆಟೊಕ್ಕೆ ಬರುವ ಇನ್ನೊಂದು ಕಾಯಿಲೆ ಎಲೆ ಮುದುಡು ರೋಗ. ಅದರ ವೈರಸ್ಸಿನ ಪ್ರಯಾಣ ಬೇರೆ ಥರ. ಅದರ ವಾಹನ ಬಿಳಿ ನೊಣ, ಉದ್ದ ಸುಮಾರು ಒಂದು ಮಿಲಿಮೀಟರ್. ಎಲೆಯ ರಸದ ಜೊತೆ ವೈರಸ್ ಅದರ ಹೊಟ್ಟೆಗೆ ಹೋಗುತ್ತದೆ. ಕರುಳಿನ ಗೋಡೆ ದಾಟುತ್ತದೆ, ನೊಣದ ರಕ್ತದಲ್ಲಿ ತೇಲುತ್ತದೆ, ಜೊಲ್ಲಿನ ಗ್ರಂಥಿಯ ಗೋಡೆ ದಾಟುತ್ತದೆ, ಕೊನೆಗೆ ಜೊಲ್ಲಿನ ಜೊತೆ ಹೊಸ ಗಿಡಕ್ಕೆ ಇಳಿಯುತ್ತದೆ. ಇಷ್ಟಕ್ಕೆ ಗಂಟೆಗಟ್ಟಲೆ ಬೇಕು. ಆದರೆ ಒಮ್ಮೆ ಒಳಗೆ ಸೇರಿದರೆ ಆ ನೊಣ ದಿನಗಟ್ಟಲೆ ರೋಗ ಹಂಚುತ್ತಲೇ ಇರುತ್ತದೆ.

ಪುಣೆಯಿಂದ ಊರಿಗೆ ಕಾರಲ್ಲಿ ಹೋಗುವಾಗ ಒಂದೊಂದೇ ಟೋಲ್ ನಾಕಾ ಬರುತ್ತಲ್ಲ, ಈ ಎರಡು ಗೋಡೆಗಳೂ ಹಾಗೇ. ಫಾಸ್ಟ್ಯಾಗ್ ಇದ್ದರೆ ಗೇಟು ತೆರೆಯುತ್ತದೆ. ವೈರಸ್ಸಿನ ಫಾಸ್ಟ್ಯಾಗ್ ಅದರ ಹೊರಕವಚದ ಪ್ರೋಟೀನು. ಕಾರು ಯಾವುದಾದರೂ ಇರಲಿ, ಗಾಜಿನ ಮೇಲಿನ ಸ್ಟಿಕ್ಕರ್ ಮುಖ್ಯ. 1990ರಲ್ಲಿ ವಿಜ್ಞಾನಿಗಳು ಇದನ್ನು ಮಾಡಿಯೇ ತೋರಿಸಿದರು. ಬಿಳಿ ನೊಣ ಹರಡುವ ಮರಗೆಣಸಿನ ವೈರಸ್ಸಿಗೆ, ಜಿಗಿಹುಳು ಹರಡುವ ಬೀಟ್‌ರೂಟ್ ವೈರಸ್ಸಿನ ಕವಚ ತೊಡಿಸಿದರು. ಅದನ್ನು ಜಿಗಿಹುಳು ಹರಡತೊಡಗಿತು! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲೆ ಮುದುಡು ವೈರಸ್ಸಿನ ಡಿಎನ್‌ಎ ಉಂಗುರದಲ್ಲಿ ಇರೋದು ಸುಮಾರು 2,700 ಅಕ್ಷರ. ನಮ್ಮದರಲ್ಲಿ 300 ಕೋಟಿ. ಅಷ್ಟು ಚಿಕ್ಕದಾದರೂ ಅದು ಬದಲಾಗುವ ವೇಗ ಮಾತ್ರ ಭಾರೀ. ಒಂದೇ ಜೀವಕೋಶಕ್ಕೆ ಎರಡು ಥರದ ವೈರಸ್ ಹೊಕ್ಕರೆ ತುಂಡುಗಳನ್ನೇ ಅದಲು ಬದಲು ಮಾಡಿಕೊಳ್ಳುತ್ತವೆ. ಟೊಮೆಟೊ ದಕ್ಷಿಣ ಅಮೆರಿಕದ ಗಿಡ, ಸಮುದ್ರ ದಾಟಿ ಬಂದದ್ದು. ಈ ವೈರಸ್ಸುಗಳು ನಮ್ಮ ಕಡೆಯವೇ, ಕಳೆಗಿಡಗಳಲ್ಲೂ ಬದುಕಿಕೊಂಡಿರುತ್ತವೆ. ಸಿಕ್ಕ ಊರಿನ ಹೆಸರೇ ಅವಕ್ಕೆ ಇಟ್ಟಿದ್ದಾರೆ. ಬೆಂಗಳೂರಿನದ್ದಿದೆ, ಕರ್ನಾಟಕದ್ದಿದೆ, ಪುಣೆಯದ್ದೂ ಇದೆ. ನವದೆಹಲಿಯ ಹೆಸರಿನದು 2012ರಲ್ಲಿ ಸ್ಪೇನಿನ ಜುಕಿನಿ ಹೊಲದಲ್ಲಿ ಕಾಣಿಸಿಕೊಂಡಿತು. ವಾಹನವೂ ಬದಲಾಗುತ್ತದೆ. 1999ರಲ್ಲಿ ಕೋಲಾರದ ಟೊಮೆಟೊ ಹೊಲಗಳಲ್ಲಿ ಹೊರದೇಶದ ಬಿಳಿ ನೊಣದ ತಳಿ ಸಿಕ್ಕಿತು. ಭಾರತದಲ್ಲಿ ಅದನ್ನು ಗುರುತಿಸಿದ್ದು ಅದೇ ಮೊದಲು.

ಕಳೆದ ವರ್ಷ ನಮ್ಮ ಬಾಲ್ಕನಿಯ ಟೊಮೆಟೊ ಗಿಡದ ಚಿಗುರು ದೋಣಿಯ ಹಾಗೆ ಮೇಲಕ್ಕೆ ಮಡಚಿತು. ಎಲೆಯ ಅಂಚು ಹಳದಿಯಾಯಿತು, ಗಿಡ ಮೊಳಕಾಲಿನ ಎತ್ತರಕ್ಕೇ ನಿಂತುಬಿಟ್ಟಿತು. ಕಾಕೂ ನೋಡಿ "ದೃಷ್ಟಿ ಆಗೈತಿ" ಅಂತ ನಿಂಬೆಹಣ್ಣು, ಮೆಣಸಿನಕಾಯಿ ತಂದರು. ನಾನು ಅವರ ಕೈಯಿಂದಲೇ ಒಂದು ಎಲೆ ಮಗುಚಿಸಿದೆ. ಹಿಟ್ಟಿನ ಧೂಳು ಎದ್ದ ಹಾಗೆ ಏಳೆಂಟು ಬಿಳಿ ನೊಣ ಹಾರಿದವು. "ಅಯ್ಯ, ಇವೇನು?" ಅಂತ ಕನ್ನಡಕ ಹಾಕಿಕೊಂಡು ಬಗ್ಗಿದರು.

ಒಮ್ಮೆ ಬಂದ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಬಾಯಿ ಕಟ್ಟಿ, ಬೇರು ಸಮೇತ ಕಿತ್ತೆವು. ಮುಂದಿನ ಸಸಿಗಳಿಗೆ ಕಾಕೂ ತಮ್ಮ ಹಳೇ ಸೊಳ್ಳೆ ಪರದೆ ಕೊಡಲು ಬಂದರು. ಅದರ ಕಣ್ಣು ದೊಡ್ಡದು, ಬಿಳಿ ನೊಣ ಆರಾಮಾಗಿ ನುಗ್ಗುತ್ತದೆ. ನರ್ಸರಿಯವರು ಕಟ್ಟುವ 50 ಮೆಶ್, ಅಂದರೆ ಇಂಚಿಗೆ 50 ಕಣ್ಣಿರುವ ನೈಲಾನ್ ಬಲೆ ಬೇಕು. ಭಾನುವಾರ ಇಬ್ಬರೂ ಹೋಗಿ ಎರಡು ಮೀಟರ್ ತಂದೆವು, ಒಂದು ನನ್ನ ಕುಂಡಕ್ಕೆ, ಒಂದು ಅವರದ್ದಕ್ಕೆ.